ಬಂದರಿನ ಫೋನು

ಜಲಜಾಕ್ಷಿಯವರು ನಡೆಯುತ್ತಿದ್ದುದು ಕಾಲಿನಿಂದಲ್ಲ, ಎಡಗೈಯಿಂದ. ಗಾಳಿಗೆ ಆರದಂತೆ ಹಣತೆಯನ್ನು ಒಯ್ಯುವವರ ಜೋಪಾನದಲ್ಲಿ ಆ ಅಂಗೈಯ ಮೇಲೊಂದು ಪುಟ್ಟ ಮೊಬೈಲು ಮಲಗಿರುತ್ತಿತ್ತು. ಅದರ ಪರದೆ ಎತ್ತ ಹೇಳಿದರೆ ಅತ್ತ ಕೈ, ಕೈ ಹೋದತ್ತ ಮೈ, ಮೈಯ ಹಿಂದೆ ಬೇರೆ ಗತಿಯಿಲ್ಲದೆ ಕಾಲುಗಳು. ಠಾಣೆ ಪೂರ್ವದ ನಮ್ಮ ಕೋಪರಿಯ ನಡುಬೀದಿಯಲ್ಲಿ ಥಟ್ಟನೆ ನಿಂತು, ಹಿಂದಕ್ಕೆ ಸರಿದು, ಮತ್ತೆ ಓರೆಯಾಗಿ ಮುಂದೆ ಬಂದು, ಹಾರ್ನು ಹೊಡೆದ ರಿಕ್ಷಾದವನಿಗೆ "ಅಲ್ಲೇ ನಿಲ್ಲು ಮಾರಾಯ, ಇಲ್ಲಿ ಮೂವತ್ತುಂಟು!" ಎಂದು ಕನ್ನಡದಲ್ಲಿಯೇ ಗದರುತ್ತಿದ್ದರು. ಮರಾಠಿಯವನಾದ ಅವನಿಗೆ ಮಾತು ತಿಳಿಯದಿದ್ದರೂ ಧ್ವನಿ ತಿಳಿಯುತ್ತಿತ್ತು, ನಿಲ್ಲುತ್ತಿದ್ದ.

ಮೂವತ್ತೆಂದರೆ ಶೇಕಡಾ ಮೂವತ್ತು. ಹದಿನೈದು ವರ್ಷಗಳ ಹಿಂದೆ ಹೊಸದಾಗಿ ಬಂದಿದ್ದ ಒಂದು ಮೊಬೈಲ್ ಕಂಪನಿ ವಿಚಿತ್ರವಾದ ಯೋಜನೆಯೊಂದನ್ನು ಹೂಡಿತ್ತು. ಜನ ಕಡಿಮೆ ಮಾತಾಡುವ ಜಾಗದಲ್ಲಿ, ಕಡಿಮೆ ಮಾತಾಡುವ ವೇಳೆಯಲ್ಲಿ ಕರೆಗೆ ಹೆಚ್ಚು ರಿಯಾಯಿತಿ. ಜನ ಮುಗಿಬಿದ್ದು ಮಾತಾಡುವಲ್ಲಿ ಅತ್ಯಲ್ಪ. ನಿಂತ ನೆಲದ ರಿಯಾಯಿತಿ ಎಷ್ಟೆಂದು ಫೋನಿನ ಪರದೆಯೇ ಸಾರುತ್ತಿತ್ತು. ಗಿರಾಕಿಯ ಮುಖ ನೋಡಿ ದರ ಹೇಳುತ್ತಾರೆಂದು ನಮ್ಮಂಥ ಪಾತ್ರೆ ಅಂಗಡಿಯವರನ್ನು ತಲೆತಲಾಂತರದಿಂದ ಬೈದವರೇ, ಬೀದಿಯ ಮುಖ ನೋಡಿ ದರ ಹೇಳುವ ಈ ಕಂಪನಿಯನ್ನು ಹಾಡಿ ಹೊಗಳಿದರು. ನನಗೆ ಅಸೂಯೆಯಾದದ್ದು ನಿಜ.

ಜಲಜಾಕ್ಷಿಯವರಿಗೆ ಮಾತೇ ವ್ಯವಸಾಯ. ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಖಾಡಿಯೆಂಬ ಹಿನ್ನೀರಿನಾಚೆ ನವಿ ಮುಂಬಯಿಯವರೆಗೆ ಹಬ್ಬಿದ್ದ ಉಡುಪಿ ಕಡೆಯ ಮನೆಗಳಿಗೆ ಅವರು ವಧೂವರರನ್ನು ಕೂಡಿಸುತ್ತಿದ್ದರು. ಸೀರೆಗೆ ಜೇಬಿಲ್ಲವೆಂಬ ಒಂದೇ ಕಾರಣಕ್ಕೆ, ಮುಲುಂದದ ಹೋಟೆಲಿನಲ್ಲಿ ಕ್ಯಾಷಿಯರರಾಗಿದ್ದ ಗಂಡ ವಸಂತಕುಮಾರರ ಹಳೆಯ ನೀಲಿ ಕೋಟನ್ನು ಮೇ ತಿಂಗಳ ಸೆಕೆಯಲ್ಲಿಯೂ ಸೀರೆಯ ಮೇಲೆ ತೊಟ್ಟಿರುತ್ತಿದ್ದರು: ಒಂದು ಜೇಬಿನಲ್ಲಿ ಹುಡುಗರ ಭಾವಚಿತ್ರ, ಇನ್ನೊಂದರಲ್ಲಿ ಹುಡುಗಿಯರದು, ಎರಡೂ ಬೆರೆಯಬಾರದೆಂಬ ಶಿಸ್ತು. ಗಂಡನಿಗೆ ಮಾತ್ರ ಅವರೆಂದೂ ಕರೆ ಮಾಡಿದವರಲ್ಲ. ಮಿಸ್ಡ್ ಕಾಲ್ ಒಂದು ಬಂದರೆ ಅನ್ನವಾಗಿದೆ, ಎರಡು ಬಂದರೆ ಬರುವಾಗ ತೆಂಗಿನಕಾಯಿ ತನ್ನಿ.

ಅವರ ಮಾತಿನ ರೀತಿಯೂ ಪರದೆಯ ಅಂಕಿಯನ್ನೇ ಅನುಸರಿಸುತ್ತಿತ್ತು. ಸ್ಟೇಷನ್ನಿನ ಜಂಗುಳಿಯಲ್ಲಿ ಐದು ತೋರಿಸಿದಾಗ "ಹುಡುಗ ಚೆಂದ, ಕೆಲಸ ಪರ್ಮನೆಂಟು, ಇಡ್ತೇನೆ"; ಸಂತೆಯ ಅಂಚಿನ ಮೂವತ್ತಕ್ಕೆ ಮನೆತನ, ಫ್ಲ್ಯಾಟಿನ ವಿಸ್ತೀರ್ಣ, ಅತ್ತೆಯ ಕೈರುಚಿ. ಆದರೆ ಕೋಪರಿಯ ರಸ್ತೆ ಮುಗಿದು ಖಾಡಿಯ ಕೆಸರು ಶುರುವಾಗುವ ಮೀಠ್ ಬಂದರಿನಲ್ಲಿ, ಕೊಕ್ಕರೆಗಳ ಹೊರತು ಮಾತಾಡುವವರಿಲ್ಲದ ಆ ದಂಡೆಯಲ್ಲಿ ಪರದೆ ಅರವತ್ತು ತೋರಿಸುತ್ತಿತ್ತು. ಅಲ್ಲಿ ನಿಂತು ಅವರು ದೋಷಗಳನ್ನು ಹೇಳುತ್ತಿದ್ದರು: ಹುಡುಗನ ಗೊರಕೆ, ಭಾವನ ಕುಡಿತ, ಮುರಿದ ಹಳೆಯ ಸಂಬಂಧ, ಏನನ್ನೂ ಬಿಡದೆ. ಹೊಗಳಿಕೆ ಚಿಕ್ಕದಿದ್ದರೂ ಸಾಕು, ದೋಷಕ್ಕೆ ವಿವರ ಬೇಕು, ವಿವರಕ್ಕೆ ಸಮಯ ಬೇಕು ಎಂಬುದು ಅವರ ಸಿದ್ಧಾಂತ. ಹೀಗಾಗಿ ಆ ಮನೆಗಳ ಸಂಬಂಧಗಳಲ್ಲಿ ಹೊಸ ಪದ್ಧತಿಯೊಂದು ನೆಲೆಯೂರಿತು. ಅವರ ಕರೆ ಬಂದರೆ ಹಲೋ ಎನ್ನುವ ಬದಲು ಜನ "ಎಷ್ಟು ಪರ್ಸೆಂಟು?" ಎಂದು ಕೇಳುತ್ತಿದ್ದರು, ಬಂದರಿನ ಫೋನು ಬರುವ ತನಕ ಯಾವ ಮನೆಯವರೂ ಹೂಂ ಎನ್ನುತ್ತಿರಲಿಲ್ಲ.

ಇಂಥವರು ಒಂದು ಮಳೆಗಾಲ ಮುಗಿದ ಮೇಲೆ ದಿನವೂ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ, ಸಂಜೆಯ ಮಹಾಸಂದಣಿಯಲ್ಲಿ ನಿಂತು ಮಾತಾಡತೊಡಗಿದರು. ನನ್ನ ಅಂಗಡಿ ಅಲ್ಲಿಗೆ ಎದುರೇ. ಅಗ್ಗದ ಅಂಗಡಿ ತಿಳಿದಿರುವ ಗಿರಾಕಿ ಬೇಕೆಂದೇ ದುಬಾರಿ ಅಂಗಡಿಗೆ ಹೋಗುತ್ತಾನೆಂದರೆ, ಅಲ್ಲಿ ಸರಕನ್ನು ಯಾರೂ ತೂಗಿ ನೋಡುವುದಿಲ್ಲವೆಂದು ಅರ್ಥ. ನಾನು ಕೇಳಿದೆ: "ಏನ್ರಿ ಅಕ್ಕಾರ, ಬಂದರ ಬ್ಯಾಸರ ಆತೇನು?"

"ಬಿಸಿಲು ಸಾಹುಕಾರ್ರೆ" ಎಂದರು. ಸೂರ್ಯ ಮುಳುಗಿಯಾಗಿತ್ತು.

ವಿಷಯ ಮೆಲ್ಲಗೆ ಹೊರಬಿತ್ತು. ತೀರಿಹೋದ ತಂಗಿಯ ಮಗಳು ನಿಶ್ಮಿತಾಳನ್ನು ಸಾಕಿ ಬೆಳೆಸಿದವರು ಇವರೇ. ಖಾಡಿಯಾಚೆ ಐರೋಲಿಯ ಆಫೀಸಿನಲ್ಲಿ ಅವಳಿಗೆ ಕೆಲಸ. ಹೋಗಿಬರುವ ರೈಲಿನಲ್ಲಿ ಕೋಪರಖೈರಣೆಯ ರಿತೇಶನ ಪರಿಚಯ. ಪರಿಚಯ ಬೆಳೆದು ಎರಡು ಮನೆಗಳ ಮಾತುಕತೆಯವರೆಗೆ ಬಂದಿತ್ತು. ಆದರೆ ಹಿಂದಿನ ವರ್ಷ ಬೇರೊಂದು ನಿಶ್ಚಿತಾರ್ಥದ ದಿನ, ಕೆಲಸ ಬಿಡಬೇಕಾಗುತ್ತದೆಂದು ಭಾವಿ ಮಾವ ಹೇಳಿದ ಗಳಿಗೆಯಲ್ಲಿ ನಿಶ್ಮಿತಾ ತುಂಬಿದ ಸಭಾಂಗಣದ ನಡುವೆ ಎದ್ದು ನಿಂತು, ಉಂಗುರವನ್ನು ತಟ್ಟೆಯಲ್ಲಿಟ್ಟು, ಊಟ ಮಾಡಿಕೊಂಡು ಹೋಗಿ ಎಂದು ಕೈಮುಗಿದಿದ್ದಳು. ಊರವರ ಹೆಣ್ಣುಮಕ್ಕಳ ದೋಷವನ್ನೆಲ್ಲ ಅರವತ್ತರ ದರದಲ್ಲಿ ಬಿಡಿಸಿ ಹೇಳಿದ ಬಾಯಿಗೆ, ಈ ಒಂದು ಸಂಗತಿಯನ್ನು ರಿತೇಶನ ತಾಯಿ ಪದ್ಮಾವತಿಯವರಿಗೆ ಹೇಳುವ ಧೈರ್ಯ ಸಾಲದು. ಹೇಳಿದರೆ ಹುಡುಗಿ ಹಟಮಾರಿ ಎಂದು ಕೈಬಿಟ್ಟರೆ? ಆದ್ದರಿಂದ ಐದರ ಜಾಗದಲ್ಲಿ ನಿಂತು "ಹುಡುಗಿ ಚೆಂದ, ಇಡ್ತೇನೆ." ಆಚೆಯಿಂದ ಪದ್ಮಾವತಿಯವರದು ಒಂದೇ ರಾಗ: "ಬಂದರಿನಿಂದ ಮಾಡಿ. ಆಮೇಲೆ ನೋಡುವ."

ಬಂದರಿನಲ್ಲೇ ಇದ್ದೇನೆಂದು ಸುಳ್ಳು ಹೇಳುವಂತೆಯೂ ಇರಲಿಲ್ಲ. ಹಿಂದಿನಿಂದ ಕಲ್ಯಾಣ ಲೋಕಲಿನ ಘೋಷಣೆ ಕೇಳುತ್ತಿತ್ತು.

ಕಡೆಗೆ ನಿಶ್ಮಿತಾಳೇ ಗಂಟು ಬಿಡಿಸಿದಳು. "ಮಾವ್ಶಿ, ಬೋಲ್ ದೋ ನಾ. ನಹೀ ತೋ ಮೈ ಬೋಲೂಂಗೀ" ಎಂದಳಂತೆ, ದೊಡ್ಡಮ್ಮ ಹೇಳದಿದ್ದರೆ ತಾನೇ ಹೇಳುತ್ತೇನೆಂದು. ಅವಳೇ ಹೇಳಿಬಿಟ್ಟರೆ ಅಷ್ಟು ದಿನದ ಬಂದರಿನ ಮರ್ಯಾದೆ ಏನಾಗಬೇಕು? ಭಾನುವಾರ ಮಧ್ಯಾಹ್ನ ಜಲಜಾಕ್ಷಿಯವರು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಹೊರಟರು. ಜೊತೆಗೆ ನಾನೂ ಹೊರಟೆ. ಸ್ನೇಹಕ್ಕಾಗಿ ಎಂದು ಅವರಿಗೆ ಹೇಳಿದೆ. ಮದುವೆ ಕೂಡಿದರೆ ಪಾತ್ರೆಯ ಆರ್ಡರು ನನ್ನದೇ ಎಂಬುದೂ ನೆನಪಿನಲ್ಲಿತ್ತು.

ಬಂದರಿಗೆ ಹೋಗಿ ನೋಡಿದರೆ ಜಾತ್ರೆ! ಅಗ್ಗದ ಜಾಗ ಎಷ್ಟು ದಿನ ಗುಟ್ಟಾಗಿ ಉಳಿದೀತು? ಅರಿಶಿನ ಕುಂಕುಮಕ್ಕೆ ಕರೆದ ಮನೆಗಳಲ್ಲೆಲ್ಲ ಸ್ವತಃ ಜಲಜಾಕ್ಷಿಯವರೇ ಆ ಗುಟ್ಟನ್ನು ಹಂಚಿದ್ದರು. ಉಡುಪಿಗೆ ಮಾತಾಡುವ ಹೆಂಗಸರು ಒಂದು ಕಡೆ, ಕಲಬುರಗಿ ರಾಯಚೂರಿಗೆ ಕೂಗುವ ಹಮಾಲರು ಇನ್ನೊಂದು ಕಡೆ. ಕೊಕ್ಕರೆಗಳು ಐರೋಲಿ ಸೇತುವೆಯ ದಿಕ್ಕಿಗೆ ವಲಸೆ ಹೋಗಿದ್ದವು. ಎಲ್ಲರೂ ಅಗ್ಗಕ್ಕೆಂದು ಬಂದು ಮಾತಾಡಿದ್ದರಿಂದಲೇ ಅಗ್ಗ ಓಡಿಹೋಗಿತ್ತು. ಪರದೆಯಲ್ಲಿ ಐದು.

ಜಲಜಾಕ್ಷಿಯವರು ಆ ಅಂಕಿಯನ್ನೇ ನೋಡುತ್ತ ನಿಂತರು. ಇವತ್ತು ಆಗಲಿಲ್ಲವೆಂದು ಮರಳುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅವರ ಮುಖ ಕಂಡ ಹಮಾಲರ ಹಿರಿಯ ಮಹಾದೇವಪ್ಪ ಪರಿಸ್ಥಿತಿಯನ್ನು ತನಗೆ ತಿಳಿದಂತೆ ಅರ್ಥಮಾಡಿಕೊಂಡು ಕೈಯೆತ್ತಿದ: "ಏ, ಎಲ್ಲಾರೂ ಫೋನ್ ಇಡ್ರೋ! ಅಕ್ಕಾರು ಲಗ್ನದ ಮಾತು ಆಡೋರು ಅದಾರ. ನಾವು ಸುಮ್ನಾದ್ರ ಪರ್ಸೆಂಟ್ ಏರ್ತದ!"

ಒಬ್ಬೊಬ್ಬರಾಗಿ ಫೋನು ಇಟ್ಟರು. ರಾಯಚೂರು ನಿಂತಿತು, ಉಡುಪಿ ನಿಂತಿತು. ಇಡೀ ಬಂದರು ಜಲಜಾಕ್ಷಿಯವರ ಅಂಗೈಯನ್ನು ನೋಡುತ್ತ ಮೌನವಾಯಿತು. ಅಂಕಿ ಮಾತ್ರ ಅಲುಗಲಿಲ್ಲ. ಕಂಪನಿಗೆ ಅಷ್ಟು ಬೇಗ ಕರುಣೆ ಬರುವುದಿಲ್ಲ.

"ಕಾಯೋಣ್ರಿ" ಎಂದೆ.

"ಬೇಡ ಸಾಹುಕಾರ್ರೆ. ಕಾದರೆ ನಾನು ಮನೆಗೆ ಹೋಗ್ತೇನೆ" ಎಂದು ಗುಂಡಿ ಒತ್ತಿದರು.

"ಎಷ್ಟು ಪರ್ಸೆಂಟು?" ಪದ್ಮಾವತಿಯವರ ದನಿ ಆ ನೀರವದಲ್ಲಿ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ಐದು. ಬಂದರಿನಲ್ಲೇ ಇದ್ದೇನೆ. ಇಲ್ಲಿಯೂ ಈಗ ಐದೇ."

ಆಮೇಲೆ ಹೇಳಿದರು: ಸಭಾಂಗಣ, ಉಂಗುರ, ತಟ್ಟೆ, ಕೈಮುಗಿದದ್ದು, ಅತಿಥಿಗಳು ನಿಜವಾಗಿಯೂ ಊಟ ಮಾಡಿಕೊಂಡು ಹೋದದ್ದು. ಸಂಕ್ಷೇಪವೆಂಬುದನ್ನೇ ಮರೆತು, ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದುದನ್ನು ಕೂಡ ಬಿಡದೆ, ಆ ದುಬಾರಿ ಹೊತ್ತಿನಲ್ಲಿ ಅಷ್ಟು ನಿಧಾನವಾಗಿ ಅವರು ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

ಪದ್ಮಾವತಿಯವರು ಕೊನೆಯವರೆಗೂ ಕೇಳಿದರು. ಮತ್ತೆ: "ಫೋನ್ ಇಡಿ ಜಲಜಕ್ಕ."

ಮಹಾದೇವಪ್ಪ ನೆಲ ನೋಡಿದ.

"ಇಡಿ ಮಾರಾಯ್ತಿ, ನಾನು ಮಾಡ್ತೇನೆ. ನನ್ನಲ್ಲಿ ನಲವತ್ತುಂಟು. ಐದರಲ್ಲಿ ಇಷ್ಟು ನಿಜ ಹೇಳಿದ್ದೀರಿ. ಇನ್ನು ನಮ್ಮವನ ದೋಷ ಸ್ವಲ್ಪ ಕೇಳಬೇಡ್ವಾ? ಅವನದ್ದು ಉದ್ದ ಉಂಟು!"

ಬಂದರಿನಲ್ಲಿ ಎದ್ದ ನಗೆಗೆ ಖಾಡಿಯಾಚೆಯ ಕೊಕ್ಕರೆಗಳು ಕೂಡ ಹಾರಿರಬೇಕು. ಪದ್ಮಾವತಿಯವರು ಮರಳಿ ಕರೆದರು. ರಿತೇಶನ ಸೋಮಾರಿತನ, ಮುಂಗೋಪ, ಎರಡು ಬಾರಿ ಫೇಲಾದ ಗಣಿತ ಎಲ್ಲವೂ ಆ ದಂಡೆಯಲ್ಲಿ ಬಹಿರಂಗವಾಗಿ ಬಿತ್ತರಗೊಂಡವು. ಹುಡುಗಿ ಕೆಲಸ ಬಿಡಬಾರದೆಂದು ಅವರೇ ಷರತ್ತು ಹಾಕಿದರು. ಇಲ್ಲವಾದರೆ ಮಗ ಇನ್ನಷ್ಟು ಸೋಮಾರಿಯಾಗುತ್ತಾನಂತೆ.

ವಾರ ಕಳೆಯುವುದರೊಳಗೆ ಪಾತ್ರೆಯ ಆರ್ಡರಿಗೆ ಜಲಜಾಕ್ಷಿಯವರು ಅಂಗಡಿಗೆ ಬಂದರು. ಒಂದು ಸೌಟಿಗಾಗಿ ಅರ್ಧ ಗಂಟೆ ಚೌಕಾಶಿ ಮಾಡಿ, ದೊಡ್ಡ ಹಂಡೆಯ ಬಳಿ ಬಂದಾಗ ಪರದೆಯನ್ನು ನೋಡುವಂತೆಯೇ ನನ್ನ ಮುಖವನ್ನು ದಿಟ್ಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಓರೆಯಾಗಿ ಮುಂದೆ ಬಂದು ಕೇಳಿದರು: "ಈ ಹೊತ್ತಿಗೆ ನಿಮ್ಮಲ್ಲಿ ಎಷ್ಟು ಪರ್ಸೆಂಟು ಸಾಹುಕಾರ್ರೆ?"

ಆ ಯೋಜನೆಯೂ ಹೋಯಿತು, ಆ ಕಂಪನಿಯೂ ಹೋಯಿತು. ಈಗ ಎಲ್ಲಿ ನಿಂತು ಎಷ್ಟು ಮಾತಾಡಿದರೂ ದರ ಒಂದೇ. ಆದ್ದರಿಂದಲೋ ಏನೋ, ದಿನವಿಡೀ ಮಾತಾಡಿಯೂ ದೋಷ ಹೇಳಿಕೊಳ್ಳುವವರು ಕಡಿಮೆ. ಜಲಜಾಕ್ಷಿಯವರು ಮಾತ್ರ ಇಂದಿಗೂ, ಸಂಬಂಧ ಪಕ್ಕಾ ಆಗುವ ಮುನ್ನ, ಅಂಕಿಯೇ ತೋರದ ಫೋನನ್ನು ಅಂಗೈಯಲ್ಲಿ ಹಿಡಿದು ಬಂದರಿನವರೆಗೆ ನಡೆದು ಹೋಗುತ್ತಾರೆ. ಪೈಸೆ ಪೈಸೆಗೂ ಜಗ್ಗುವ ಇಂಥ ಗಿರಾಕಿಗಳು ಗಲ್ಲೆಯ ಮೇಲೆ ಕೂತವನ ಪ್ರಾಣ ಹಿಂಡುತ್ತಾರೆ, ಸಂಶಯವಿಲ್ಲ. ಆದರೂ ಅವರು ಬಾಗಿಲಲ್ಲಿ ಕಂಡರೆ ನಾವು ಎದ್ದು ನಿಲ್ಲುತ್ತೇವೆ. ಅಗ್ಗದ್ದಕ್ಕೆಲ್ಲ ಅವರು ಬಿಡದೆ ದರ ಕೇಳುವುದು, ಬದುಕಿನಲ್ಲಿ ಒಂದೋ ಎರಡೋ ಸಲ ಎದುರಾಗುವ ನಿಜವಾದ ಬೆಲೆಯ ವಸ್ತುವಿನ ಮುಂದೆ ದರವನ್ನೇ ಕೇಳದೆ ಕೈ ಚಾಚುವ ಆ ಗಳಿಗೆಗಾಗಿ ಎಂಬುದು ನಮ್ಮಂಥ ವ್ಯಾಪಾರಿಗಳಿಗೆ ಗೊತ್ತಿದೆ. ಗೊತ್ತಿದ್ದೂ, ಹಂಡೆಗೆ ಹತ್ತು ಪರ್ಸೆಂಟು ಬಿಡುತ್ತೇವೆ.