ಬೀಟೆಯ ಬಣ್ಣ

ಮುಚ್ಚಳದ ಬಣ್ಣ ಆರುವ ಮೊದಲೇ ಹೊಲಿಗೆಯವಳು ಬಡಗಿಯಿಂದ ಮಾತು ತೆಗೆದುಕೊಂಡಳು.

“ಇದು ಕಾಗದದ್ದು ಅಂತ ಯಾರಿಗೂ ಹೇಳ್ಬಾರ್ದು. ನಮ್ಮನೆಯವರಿಗಂತೂ ಹೇಳಲೇಬಾರ್ದು.”

ಬಡಗಿ ಹಳೆಯ ಬಾಚಣಿಗೆಯೊಂದನ್ನು ಹಸಿ ಬಣ್ಣದ ಮೇಲೆ ಎಳೆಯುತ್ತಿದ್ದ. ಎಳೆದಲ್ಲೆಲ್ಲ ಕಪ್ಪು ಗೆರೆಗಳು ಬಳುಕಿ ಮರದ ನಾರಾಗುತ್ತಿದ್ದವು. ಒಂದು ಮೂಲೆಯಲ್ಲಿ ಹೆಬ್ಬೆರಳು ಒತ್ತಿ ತಿರುಗಿಸಿದ; ಅದು ಮರದ ಗಂಟಾಯಿತು. ಶವಪೆಟ್ಟಿಗೆ ಚಿಕ್ಕದು. ಹೊಸ ಯೋಚನೆಗೆ ದುಡ್ಡು ಕೊಡುವ ಸಹಾಯನಿಧಿಯ ಆಯ್ಕೆ ಸಮಿತಿಯವರಿಗೆ ತೋರಿಸಲು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವಷ್ಟೇ ಅಳತೆಗೆ ಮಾಡಿದ್ದು. ಹೊಲಿಗೆಯವಳ ಮೂರು ವರ್ಷದ ಹುಡುಗಿಗೆ ಅದು ಸರಿಹೊಂದಿತು.

ಮಗುವಿಗೆ ಜ್ವರ ನೆತ್ತಿಗೇರಿದಾಗ ಅದರ ಅಪ್ಪ ಲಾರಿಯೊಂದಿಗೆ ಎಲ್ಲೋ ದೂರದ ಹೆದ್ದಾರಿಯಲ್ಲಿದ್ದ. ಸಾವಿನ ಸುದ್ದಿ ಮುಟ್ಟಿದ ಮೇಲೆ ಯಾವುದೋ ಬೂತಿನಿಂದ ಫೋನು ಮಾಡಿ ಹೇಳಿದ್ದು ಒಂದೇ ಮಾತು: ಮಗೂನ ಬೀಟೆ ಮರದಲ್ಲಿ ಕಳಿಸು, ನಾನು ಅವಳಿಗೆ ಇನ್ನೇನೂ ಕೊಟ್ಟಿಲ್ಲ. ಮನೆಯಲ್ಲಿದ್ದ ದುಡ್ಡನ್ನೆಲ್ಲ ಆಸ್ಪತ್ರೆ ನುಂಗಿತ್ತು. ಬಡಗಿಯ ಶೆಡ್ಡಿನಲ್ಲಿ ಬೀಟೆ ಹಾಗಿರಲಿ, ನೆಟ್ಟಗಿನ ಹಲಗೆಯ ತುಂಡೂ ಇರಲಿಲ್ಲ. ಸತ್ತವರಿಗಾಗಿ ಬದುಕಿರುವ ಮರ ಕಡಿಯಲಾರೆ ಎಂದು ಅವನು ಮರದ ಕೆಲಸ ಕೈಬಿಟ್ಟಾಗಿತ್ತು.

“ಹೇಳಲ್ಲ ತಾಯಿ,” ಅಂದ ಬಡಗಿ. “ನನ್ನ ಹೆಂಡ್ತಿಗೂ ಹೇಳಲ್ಲ.”

*

“ಇನ್ನೂ ಎಷ್ಟಿದೆ ಅಕ್ಕ? ಗಾಡಿ ಬರೋ ಹೊತ್ತಾಯ್ತು.”

ಕೇಳಿದವಳು ಬಡಗಿಯ ಮಗಳು. ಹೊಲಿಗೆಯವಳು ತಲೆಯೆತ್ತದೆ, ಇನ್ನೊಂದು ಅಂಚು, ಆಯ್ತು, ಎಂದಳು. ವರ್ಷಗಳು ಕಳೆದು ಅವಳಿಗೀಗ ಕನ್ನಡಕ ಬಂದಿತ್ತು, ಬೈತಲೆಯ ಎರಡೂ ಬದಿ ನರೆತಿತ್ತು. ಶೆಡ್ಡಿನ ನೆಲದ ಮೇಲೆ ಕೂತು, ಪೆಟ್ಟಿಗೆಯ ಒಳಗೆ ಹಾಸಲು ಬಿಳಿ ಬಟ್ಟೆಗೆ ಅಂಚು ಮಡಚಿ ಹೊಲಿಯುತ್ತಿದ್ದಳು. ಬಡಗಿ ಮಾಡಿದ ಪ್ರತಿ ಪೆಟ್ಟಿಗೆಗೂ ಒಳಬಟ್ಟೆ ಅವಳದೇ. ಯಾಕೆ ಸುಮ್ಮನೆ ದುಡೀತೀಯ ಎಂದು ಬಡಗಿಯ ಹೆಂಡತಿ ಎಷ್ಟೋ ಸಲ ಕೇಳಿದ್ದಳು. ಪಕ್ಕದ ಮನೆಯವರಲ್ವಾ ಅತ್ತಿಗೆ, ಎಂದು ಇವಳು ತೇಲಿಸಿಬಿಡುತ್ತಿದ್ದಳು.

ತೀರಿಕೊಂಡ ಬಡಗಿ ಒಳಕೋಣೆಯಲ್ಲಿ ಮಂಚದ ಮೇಲಿದ್ದ. ಎದೆಯಲ್ಲಿ ಧೂಳು ಕೂತು ಕೂತು, ಕೊನೆಗೆ ಉಸಿರಿಗೇ ಜಾಗ ಇಲ್ಲದಂತಾಗಿತ್ತು. ಅವನ ಪೆಟ್ಟಿಗೆ ಶೆಡ್ಡಿನಲ್ಲಿ ಎರಡು ಸ್ಟೂಲುಗಳ ಮೇಲಿತ್ತು. ತನಗೇ ಅಂತ ಅವನು ಮಾಡಿಟ್ಟುಕೊಂಡದ್ದು. ಬಣ್ಣ ಬಳಿದಿರಲಿಲ್ಲ. ಬೂದಿ ಬಣ್ಣದ ಮೈಯಲ್ಲಿ ಅಲ್ಲಲ್ಲಿ ಹಳೆಯ ಪತ್ರಿಕೆಯ ಅರ್ಧ ಅಕ್ಷರಗಳು ಕಾಣುತ್ತಿದ್ದವು.

ಬೀದಿಯವರಿಗೆ ಅವನು ರದ್ದಿ ಬಡಗಿ. ಮನೆಮನೆಯಿಂದ ಹಳೆ ಪೇಪರು, ಮದುವೆ ಕಾಗದ, ಚುನಾವಣೆಯ ಚೀಟಿ, ಮಕ್ಕಳು ನಪಾಸಾದ ಉತ್ತರಪತ್ರಿಕೆ ಎಲ್ಲ ತಂದು ಡ್ರಮ್ಮಿನಲ್ಲಿ ನೆನೆಹಾಕುತ್ತಿದ್ದ. ಮರದ ಹೊಟ್ಟು, ಗಂಜಿಯ ಅಂಟು ಸೇರಿಸಿ ರುಬ್ಬಿ, ಅಚ್ಚಿನಲ್ಲಿ ಒತ್ತಿ, ಬಿಸಿಲಿಗಿಡುತ್ತಿದ್ದ. ಒಂದು ಮಳೆಗಾಲ ಕಳೆದರೆ ಮಣ್ಣೇ ಅದನ್ನು ತಿಂದುಬಿಡುತ್ತೆ, ಗುರುತೂ ಉಳಿಯಲ್ಲ ಎಂದು ಹೆಮ್ಮೆಪಡುತ್ತಿದ್ದ. ಹುಳಿ ಬಂದ ಗಂಜಿಯ ವಾಸನೆ ಅವನ ಹೆಂಡತಿಯ ಒಳ್ಳೆಯ ಸೀರೆಗಳಿಗೂ ಹತ್ತಿತ್ತು.

ಹೊರಗೆ ಬೆಂಚಿನ ಮೇಲೆ ಬಡಗಿಯ ಭಾವಮೈದುನ ಟೀ ಲೋಟ ಹಿಡಿದು ಕೂತಿದ್ದ. ಸುತ್ತ ಕ್ಷೌರದ ಅಂಗಡಿಯವನು, ಇನ್ನೂ ನಾಲ್ಕು ಜನ.

“ಭೂಮಿ ಉಳಿಸ್ತೀನಿ ಅಂತ ಹೊರಟ ನಮ್ಮ ಭಾವ. ಅಕ್ಕನ ಹೆಸರಲ್ಲಿದ್ದ ತುಂಡು ಭೂಮೀನೂ ಉಳಿಸಲಿಲ್ಲ.”

ಕ್ಷೌರದವನು ಲೋಟದೊಳಗೇ ನಕ್ಕ. ಈ ಸಹಾಯನಿಧಿಯವರು ದುಡ್ಡು ಯಾರಿಗೆ ಕೊಡ್ತಾರಂತೆ ಎಂದು ಕೇಳಿದ. ಯೋಚನೆಯಲ್ಲಿ ಮೂಲ ಇರಬೇಕಂತೆ, ಯಾರೂ ಮೊದಲು ಮಾಡಿರಬಾರದಂತೆ, ಎಂದ ಭಾವಮೈದುನ. “ಮೂಲ ಇದ್ರೆ ಡಾಕ್ಟ್ರ ಹತ್ರ ಹೋಗ್ಬೇಕಪ್ಪ, ನಿಧಿಯವರ ಹತ್ರ ಯಾಕೆ ಹೋಗ್ಬೇಕು,” ಎಂದು ಕ್ಷೌರದವನು ಅಂದಾಗ ಇಡೀ ಬೆಂಚು ಅಲುಗಿತು. ಒಳಗಿನಿಂದ ಯಾರೋ ಕೆಮ್ಮಿದ್ದಕ್ಕೆ ಎಲ್ಲರೂ ಮುಖ ಸರಿಮಾಡಿಕೊಂಡರು.

ನಗದವನು ಲಾರಿ ಡ್ರೈವರ್ ಒಬ್ಬನೇ, ಹೊಲಿಗೆಯವಳ ಗಂಡ. ಸೊಂಟ ಹೋಗಿ ಈಗ ಮನೆಯಲ್ಲೇ ಇದ್ದ. ಗೋಡೆಗೆ ಒರಗಿ ನಿಂತವನು, ನಗಬೇಡಿ, ಎಂದ. ಆಮೇಲೆ, ಈ ಬೀದಿ ಆಗಲೇ ಕೇಳಿ ಕೇಳಿ ಬಲ್ಲ ಕತೆಯನ್ನು ಮತ್ತೆ ಹೇಳಿದ. ತಾನು ಊರಲ್ಲಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಈ ಮನುಷ್ಯ ಎಲ್ಲಿಂದಲೋ ಬೀಟೆ ಹುಡುಕಿ ತಂದು ಮಗುವಿಗೆ ಪೆಟ್ಟಿಗೆ ಮಾಡಿಕೊಟ್ಟ. ತಾನು ಬರುವಷ್ಟರಲ್ಲಿ ಅಂಟು ಹಾಕಿ ಮುಚ್ಚಿದ್ದರು, ಮುಖ ನೋಡಲು ಸಿಗಲಿಲ್ಲ. ಮಗಳ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡದೆ ತಾನೊಬ್ಬನೇ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿದ್ದ.

“ಬೀಟೆ ಮಣ್ಣಲ್ಲಿ ಕೆಡಲ್ಲ. ಗೆದ್ದಲು ಮುಟ್ಟಲ್ಲ. ಎಷ್ಟು ಮಳೆ ಹೊಡೀಲಿ, ನನ್ನ ಮಗಳು ಒಣಗಿದ ಜಾಗದಲ್ಲೇ ಮಲಗಿದಾಳೆ.”

ಶೆಡ್ಡಿನೊಳಗೆ ಹೊಲಿಗೆಯವಳಿಗೆ ಇದು ಕೇಳಿಸಿತು. ಸೂಜಿ ಬಟ್ಟೆಯೊಳಗೆ ಹೋಗಿ, ಹೊರಬಂತು.

*

ಒಂದೇ ಒಂದು ಸಲ ಬಡಗಿಯ ಹೆಂಡತಿ ಅವನ ಜೊತೆ ಆಯ್ಕೆ ಸಮಿತಿಯ ಮುಂದೆ ಹೋಗಿದ್ದಳು. ಹೊಲಿಗೆಯವಳ ಮಗು ಹೋದ ಮಾರನೆಯ ವರ್ಷ. ಹಿಂದಿನ ಚಿಕ್ಕ ಪೆಟ್ಟಿಗೆಯನ್ನು ಇಲಿ ತಿಂದುಹಾಕಿತು ಎಂದು ಹೆಂಡತಿಗೆ ಹೇಳಿ ಅವನು ಇನ್ನೊಂದು ಮಾಡಿದ್ದ. ಉದ್ದನೆಯ ಕೋಣೆ, ಉದ್ದನೆಯ ಮೇಜು, ಹೊರಗೆ ಬೆವರಿಳಿಯುವ ಬಿಸಿಲಿದ್ದರೂ ಒಳಗೆ ಶಾಲು ಹೊದೆಯುವಷ್ಟು ತಣ್ಣಗೆ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಗೋಡೆಯ ಮೇಲೆ ದೊಡ್ಡ ಚಿತ್ರವಿತ್ತು.

ಮೇಜಿನ ನಡುವೆ ಕೂತಿದ್ದ ಹೆಂಗಸು ಪೆಟ್ಟಿಗೆಯನ್ನು ಮೆಚ್ಚಿದಳು. ಬೆರಳಲ್ಲಿ ತಟ್ಟಿದಳು, ಎತ್ತಿ ನೋಡಿದಳು. ತುಂಬಾ ಹೊಸ ಯೋಚನೆ, ಎಂದಳು. ಪಕ್ಕದಲ್ಲಿದ್ದವರೂ ತಲೆಯಾಡಿಸಿದರು. ಆಮೇಲೆ ಅವಳು ಕೇಳಿದಳು: ಜನ ಒಪ್ಪುತ್ತಾರಾ? ಯಾರಾದರೂ ಬಳಸಿದ್ದಾರಾ? ಒಬ್ಬರು ಬಳಸಿದ್ದರೂ ಸಾಕು, ನಾವು ಮುಂದೆ ಹೋಗಬಹುದು.

ಬಡಗಿ ತನ್ನ ಅಂಗೈ ನೋಡಿಕೊಂಡ. ಉಗುರಿನ ಬುಡದಲ್ಲಿ ಅಂಟು ಒಣಗಿತ್ತು. ಹೆಂಡತಿ ಮೇಜಿನ ಕೆಳಗೆ ಅವನ ಕಾಲನ್ನು ಒತ್ತಿದಳು.

“ಇಲ್ಲ,” ಅಂದ. “ಯಾರೂ ಇಲ್ಲ.”

ಬಸ್ಸಿನಲ್ಲಿ ಪೆಟ್ಟಿಗೆ ಅವರಿಬ್ಬರ ತೊಡೆಗಳ ಮೇಲಿತ್ತು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ.  ಹೆಂಡತಿ, ಮಗಳ ಶಾಲೆಯವರು ಫೀಸಿಗೆ ಮತ್ತೆ ಹೇಳಿಕಳಿಸಿದ್ದನ್ನು, ಅಡುಗೆಮನೆಯ ಸೂರು ಸೋರುವುದನ್ನು ಒಂದೊಂದಾಗಿ ಹೇಳಿದಳು. ಹೇಳಿ ಮುಗಿಸಿ ಕೇಳಿದಳು, “ಒಂದು ಸುಳ್ಳು ಹೇಳೋಕೆ ಆಗ್ತಿರ್ಲಿಲ್ವಾ ನಿಮಗೆ?”

“ಹೇಳಿದೆನಲ್ಲ,” ಅಂದ ಬಡಗಿ.

ಹೊಟ್ಟೆಗಿಲ್ಲದಿದ್ದರೂ ಈ ಮನುಷ್ಯನ ತಮಾಷೆಗೇನೂ ಕಮ್ಮಿಯಿಲ್ಲ ಎಂದುಕೊಂಡು ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಅವನು ಹೋದ ಸಮಿತಿಗಳಿಗೆ ಲೆಕ್ಕವಿಲ್ಲ. ಎಲ್ಲ ಕಡೆಯೂ ಅದೇ ಪ್ರಶ್ನೆ, ಅದೇ ಉತ್ತರ. ಅವಳು ಮತ್ತೆ ಜೊತೆಗೆ ಹೋಗಲಿಲ್ಲ.

*

ಶವದ ಗಾಡಿಗಿಂತ ಮೊದಲು ಒಂದು ಕಾರು ಬಂತು. ಇಳಿದವನು ಸಹಾಯನಿಧಿಯ ಅಧಿಕಾರಿ, ಇನ್ನೂ ಸಣ್ಣ ವಯಸ್ಸಿನವನು. ಕೈಯಲ್ಲಿ ದೊಡ್ಡ ಹೂಗುಚ್ಛ, ಅದಕ್ಕೆ ಸುತ್ತಲೂ ಪ್ಲಾಸ್ಟಿಕ್ ಹೊದಿಕೆ. ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದವನಿಂದ ಭಾವಮೈದುನ ಅದನ್ನು ತೆಗೆದುಕೊಂಡ.

ಅಧಿಕಾರಿ ಒಳಗೆ ಹೋಗಿ ಬಡಗಿಯ ಮುಖ ನೋಡಿ ಬಂದ. ಅವನು ಕೆಟ್ಟವನಲ್ಲ. ಶೆಡ್ಡಿನ ಬಾಗಿಲಲ್ಲಿ ಬಡಗಿಯ ಮಗಳನ್ನು ನಿಲ್ಲಿಸಿ, ಇಂಥ ಹೊತ್ತಲ್ಲಿ ಹೇಳಬಾರದು, ಆದರೆ ನಾಳೆಯೇ ಸಭೆ, ಎಂದು ಶುರುಮಾಡಿದ. ಅವಳು ಶಾಲೆಯ ಕೆಲಸ ಬಿಟ್ಟು ಅಪ್ಪನ ಜೊತೆ ಅಚ್ಚು ಒತ್ತಲು ನಿಂತವಳು. ಈ ಸಲದ ಅರ್ಜಿ ಅವಳ ಹೆಸರಿನಲ್ಲೇ ಇತ್ತು. ಇದೂ ಕೈತಪ್ಪಿದರೆ ಶೆಡ್ಡು ಬಿಟ್ಟುಕೊಡುವುದೊಂದೇ ದಾರಿ ಎಂಬುದು ಬೀದಿಗೆಲ್ಲ ಗೊತ್ತಿತ್ತು.

ದೊಡ್ಡ ಕಂಪನಿಯೊಂದು ಇಂಥದೇ ಪೆಟ್ಟಿಗೆ ತಂದಿದೆ, ಎಂದ ಅಧಿಕಾರಿ. ಹೋದ ವರ್ಷ ಒಬ್ಬರನ್ನು ಅದರಲ್ಲಿ ಹೂಳಿ, ಕಾಗದದ ಪೆಟ್ಟಿಗೆಯಲ್ಲಿ ಮಣ್ಣಿಗೆ ಹೋದ ಮೊದಲ ಮನುಷ್ಯ ಎಂದು ದಾಖಲೆ ಮಾಡಿಸಿಕೊಂಡಿದೆ. ನಿಧಿಯ ನಿಯಮ ಒಂದೇ: ಮೊದಲು ಮಾಡಿದವರಿಗೆ ಹಣ.

“ನಿಮ್ಮ ತಂದೆಯವರದು ಹಳೇ ಯೋಚನೆ ಅಂತ ನನಗೆ ಗೊತ್ತು ಮೇಡಂ. ಆದ್ರೆ ಯೋಚನೆ ಸಾಕಾಗಲ್ಲ. ಅದಕ್ಕಿಂತ ಮುಂಚೆ ಒಬ್ಬರೇ ಒಬ್ಬರು ಇದರಲ್ಲಿ ಹೋಗಿದ್ರೆ, ಆ ಮನೆಯವರು ಬಂದು ಹೌದು ಅಂದ್ರೆ, ನಾಳೆ ನಾನೇ ಎದ್ದು ಮಾತಾಡ್ತೀನಿ.”

“ಹೆಸರು ಹೇಳದೆ ಆಗಲ್ವಾ?”

ಆಗಲ್ಲ, ಎಂದ. ವಿಚಾರಿಸಬೇಕಾಗುತ್ತೆ, ಬಹುಶಃ ಜಾಗವನ್ನೂ ನೋಡಬೇಕಾಗುತ್ತೆ.

ಮಗಳು ಅಮ್ಮನನ್ನು ಕರೆದು ಕೇಳಿದಳು. ಬಡಗಿಯ ಹೆಂಡತಿ, ಹಾಗೇನಾದರೂ ಇದ್ದಿದ್ದರೆ ಆ ಮನುಷ್ಯ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಇರುತ್ತಿದ್ದನೇ, ಎಂದಳು. ಬೆಂಚಿನಿಂದೆದ್ದು ಬಂದಿದ್ದ ಡ್ರೈವರ್ ನಡುವೆ ಬಾಯಿ ಹಾಕಿದ. “ಕಾಗದದ್ದರಲ್ಲಿ ಯಾರು ಸಾರ್ ಕೊಡ್ತಾರೆ ಹೆತ್ತವರನ್ನ, ಮಕ್ಕಳನ್ನ? ಈ ಬೀದೀಲಿ ನಂಗೊತ್ತಿಲ್ದೆ ಯಾವ ಸಾವೂ ಆಗಿಲ್ಲ.”

ಮಗಳ ಕಣ್ಣು ಶೆಡ್ಡಿನೊಳಗೆ ಹೋಯಿತು.

“ಅಕ್ಕ, ನಿಮ್ಮ ಕಿಟಕಿ ಇದರ ಎದುರಿಗೇ ಇದೆ. ಎಲ್ಲಾ ಪೆಟ್ಟಿಗೆಗೂ ಬಟ್ಟೆ ಹೊಲಿದೋರು ನೀವು. ಅಪ್ಪ ಯಾವತ್ತಾದ್ರೂ ಯಾರಿಗಾದ್ರೂ ಕೊಟ್ಟಿದ್ರಾ? ನೆನಪು ಮಾಡ್ಕೊಳ್ಳಿ.”

ಹೊಲಿಗೆಯವಳು ಕನ್ನಡಕದ ಮೇಲಿಂದ ನೋಡಿದಳು. ಬಾಗಿಲಲ್ಲಿ ನಾಲ್ವರೂ ನಿಂತಿದ್ದರು. ಈ ಹುಡುಗಿ ಪುಟ್ಟವಳಿದ್ದಾಗ, ತನ್ನ ಮಗು ಹೋದ ಮೇಲೆ, ದಿನಾ ಸಂಜೆ ಬಂದು ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಪೋಣಿಸುತ್ತಿದ್ದವಳು. ಅವಳ ಹಿಂದೆ ಡ್ರೈವರ್, ಸೊಂಟದ ಮೇಲೆ ಕೈ. ಇವತ್ತಿಗೂ ಮಳೆ ಜೋರಾದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ, ಬೀಟೆ, ಏನೂ ಆಗಲ್ಲ, ಎಂದು ತನಗೆ ತಾನೇ ಹೇಳಿಕೊಳ್ಳುವವನು. ಮಾತು ಕೊಟ್ಟವನು ಒಳಗೆ ತಣ್ಣಗೆ ಮಲಗಿದ್ದ. ಆ ಮಾತಿನಿಂದ ಬಿಡಿಸಬೇಕಾದರೆ ತೆಗೆದುಕೊಂಡವಳೇ ಬಿಡಿಸಬೇಕು.

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

“ಇಲ್ಲಮ್ಮ. ನಾನು ನೋಡಿಲ್ಲ.”

ಮಗಳು ತಲೆಯಾಡಿಸಿದಳು. ಅಧಿಕಾರಿ ಒಂದು ಕ್ಷಣ ನಿಂತು, ನಮಸ್ಕಾರ ಹೇಳಿ, ಕಾರಿನ ಕಡೆ ನಡೆದ. ಅವನು ಹೋದ ಮೇಲೆ ಭಾವಮೈದುನ, ಅಚ್ಚಿನ ಕಬ್ಬಿಣಕ್ಕೆ ಗುಜರಿಯಲ್ಲಿ ಒಳ್ಳೆ ರೇಟು ಇದೆ, ತನಗೆ ಗೊತ್ತಿರುವವನೊಬ್ಬ ಇದ್ದಾನೆ ಎಂದು ಅಕ್ಕನಿಗೆ ಮೆಲ್ಲಗೆ ಹೇಳಿದ. ಅವಳು ಬೇಡವೆನ್ನಲಿಲ್ಲ.

*

ಬಡಗಿಯನ್ನು ತಂದು ಪೆಟ್ಟಿಗೆಯಲ್ಲಿ ಮಲಗಿಸಿದರು. ಹೊಲಿಗೆಯವಳು ಬಟ್ಟೆಯ ಸುಕ್ಕು ಸರಿಮಾಡಿದಳು. ಅವನ ಹೆಂಡತಿ ಬಗ್ಗಿ, ಅವನ ಉಗುರಿನ ಬುಡದ ಅಂಟನ್ನು ತನ್ನ ಉಗುರಿನಿಂದ ಕೆರೆದಳು. ಅದು ಬಿಡಲಿಲ್ಲ. ಮಗಳು ಅಂಟಿನ ಡಬ್ಬಿ ತೆರೆದು ಪೆಟ್ಟಿಗೆಯ ಅಂಚಿಗೆ ಸುತ್ತ ಬಳಿದಳು. ಹುಳಿ ಗಂಜಿಯ ವಾಸನೆ ಎದ್ದಿತು.

ಮುಚ್ಚಳ ಗೋಡೆಗೆ ಒರಗಿತ್ತು. ನಾನು ತರ್ತೀನಿ, ಎಂದ ಡ್ರೈವರ್. ನಿಮ್ಮ ಸೊಂಟ, ಎಂದು ಯಾರೋ ಎಚ್ಚರಿಸಿದರು. ನನ್ನ ಮಗಳಿಗೆ ಮಾಡಿದವನು, ಇಷ್ಟಾದರೂ ಮಾಡ್ಬೇಡ್ವಾ, ಎಂದು ಅವನು ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು, ಎರಡೂ ತೋಳುಗಳನ್ನು ಅಡಿಗೆ ಕೊಟ್ಟು ಎತ್ತಿದ.

ಮುಚ್ಚಳ ಸಲೀಸಾಗಿ ಎದೆಗೆ ಬಂತು. ಭಾರವನ್ನು ಎದುರುನೋಡಿದ್ದ ಮೈ ಒಂದು ಹೆಜ್ಜೆ ಹಿಂದಕ್ಕೆ ವಾಲಿತು. ಅವನು ಹಾಗೇ ನಿಂತ. ಎಲ್ಲರೂ ಕಾಯುತ್ತಿದ್ದರು. ಅಂಟು ಆರುತ್ತೆ, ಎಂದಳು ಬಡಗಿಯ ಮಗಳು. ಅವನಿಗೆ ಕೇಳಿಸಿದಂತಿರಲಿಲ್ಲ. ತೋಳುಗಳ ಮೇಲಿದ್ದುದನ್ನು ಸ್ವಲ್ಪ ಮೇಲಕ್ಕೆ, ಸ್ವಲ್ಪ ಕೆಳಕ್ಕೆ ಆಡಿಸಿದ, ನಿದ್ದೆ ಬಂದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುವ ಮೊದಲು ಆಡಿಸುವ ಹಾಗೆ.

ಆಮೇಲೆ ಹೆಂಡತಿಯ ಕಡೆ ತಿರುಗಿದ.

“ನಮ್ಮ ಮಗೂದೂ ಹೀಗೇ ಹಗುರ ಇತ್ತು.”

“ಮಗು ಅಲ್ವೇನ್ರೀ,” ಅಂದಳು ಹೊಲಿಗೆಯವಳು. “ಮೂರು ವರ್ಷದ್ದು.”

ಅವನ ಹೆಬ್ಬೆರಳು ಬೂದಿ ಬಣ್ಣದ ಅಂಚಿನ ಮೇಲೆ ಒಂದು ಸಲ ಆಚೆ, ಒಂದು ಸಲ ಈಚೆ ಓಡಾಡಿ ನಿಂತಿತು. ಅವನು ಮುಂದೆ ಬಂದು ಮುಚ್ಚಳವನ್ನು ಮೆತ್ತಗೆ ಇಳಿಸಿದ. ಹೊಲಿಗೆಯವಳು ಅಂಚನ್ನು ಒತ್ತಿ ಹಿಡಿದಳು, ಅಂಟು ಕಚ್ಚುವವರೆಗೆ.

 ಕೊಟ್ಟ ಮಾತು ಉಳಿಯಿತು.