ಕಾಲುಚೀಲ ಕಟ್ಟಿದ ಪಂಪು

ನೀರು ಎಂದ ಮೇಲೆ ಓಡಬೇಕು. ಓಡಲಿಲ್ಲವೆಂದರೆ ಎಲ್ಲೋ ಕಸ ಕೂತಿದೆ. ಪಂಪು ರಿಪೇರಿಯವನ ಇಡೀ ವೇದಾಂತ ಇಷ್ಟೇ. ಬಾವಿಯ ಪಂಪು, ಮಹಡಿ ಟ್ಯಾಂಕಿನ ಪಂಪು, ಕಾರು ತೊಳೆಯುವ ಪಂಪು, ಯಾವುದನ್ನು ತಂದು ಮುಂದಿಟ್ಟರೂ ಬಿಚ್ಚಿ, ಉಜ್ಜಿ, ಮೊದಲಿಗಿಂತ ಜೋರಾಗಿ ಓಡುವಂತೆ ಮಾಡಿ ಕಳಿಸುತ್ತಿದ್ದ. ಅಂಥವನ ಮನೆಯಲ್ಲೇ, ಮುಂದಿನ ಕೋಣೆಯ ಗಾಜಿನ ತೊಟ್ಟಿಯಲ್ಲಿ ನೀರು ಕದಲುತ್ತಿದೆಯೋ ಇಲ್ಲವೋ ಎಂಬಂತೆ ತೆವಳುತ್ತಿತ್ತು. ಅದು ಹೆಂಡತಿಯ ರಾಜ್ಯ, ಅಲ್ಲಿ ಅವನು ಮೂಗು ತೂರಿಸಿರಲಿಲ್ಲ.

ತೊಟ್ಟಿಯಲ್ಲಿದ್ದದ್ದು ಒಂದೇ ಮೀನು. ನೀಲಿ ಮೈ, ಸೆರಗಿನಂತೆ ಜೋಲುವ ರೆಕ್ಕೆ. ಗಾಜಿನಲ್ಲಿ ತನ್ನದೇ ನೆರಳು ಕಂಡರೂ ಕೆನ್ನೆ ಉಬ್ಬಿಸಿ ಜಗಳಕ್ಕೆ ನಿಲ್ಲುವ ಸಿಡುಕ. ಕಾಫಿ ತಣ್ಣಗಿದ್ದರೆ ಇದೇ ರೀತಿ ಕೆನ್ನೆ ಉಬ್ಬಿಸುತ್ತಿದ್ದ ಗಂಡನ ಅಪ್ಪನನ್ನು ನೆನೆದು ಅವಳು ಅದಕ್ಕೆ ‘ಮಾವ’ ಎಂದು ಹೆಸರಿಟ್ಟಿದ್ದಳು. “ರೀ, ಮಾವನೋರ ಊಟ ಆಯ್ತು, ಇನ್ನು ನೀವು ಬನ್ನಿ,” ಎಂದು ಕರೆದಾಗೆಲ್ಲ ಅವನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯುತ್ತಿರಲಿಲ್ಲ.

ಈಗ ಅವಳು ಆಸ್ಪತ್ರೆಯಲ್ಲಿದ್ದಳು. ಶ್ವಾಸಕೋಶ ಎರಡೂ ಗಟ್ಟಿಯಾಗಿಬಿಟ್ಟಿದ್ದವು, ಸರಿಹೋಗುವ ಮಾತಿರಲಿಲ್ಲ. ಮುಖಕ್ಕೆ ಬಿಗಿದ ಮಾಸ್ಕಿನೊಳಗೆ ಯಂತ್ರವೊಂದು ಬುಸ್ ಬುಸ್ ಎಂದು ಗಾಳಿ ನೂಕುತ್ತಿತ್ತು. ಅವಳು ಬೇಡುತ್ತಿದ್ದದ್ದು ಒಂದನ್ನೇ: ಇದನ್ನು ತೆಗೆಸಿ, ಮನೆಗೆ ಕರೆದುಕೊಂಡು ಹೋಗಿ. ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅದನ್ನು ತೆಗೆದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

“ಹಾಗಾದ್ರೆ ಗಾಳಿ ಇನ್ನೂ ಸ್ವಲ್ಪ ಜಾಸ್ತಿ ಮಾಡಿ,” ಎಂದು ಅವನು ಪಟ್ಟು ಹಿಡಿದ.

“ಈಗಾಗ್ಲೇ ಜಾಸ್ತಿ ಇದೆ. ಅವರಿಗೆ ಉಸಿರಾಡೋದೇ ಒಂದು ಕೂಲಿ ಕೆಲಸ ಆಗಿಬಿಟ್ಟಿದೆ,” ಎಂದರು ಡಾಕ್ಟರು. ಆ ಮಾತು ಅವನ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಯಿತು.

ಸಂಜೆ ಮನೆಗೆ ಬಂದರೆ ಮಾಡಲು ಏನೂ ಇಲ್ಲ. ಆ ಮನುಷ್ಯನ ಕೈ ಸುಮ್ಮನಿರಬೇಕಲ್ಲ. ತೊಟ್ಟಿಯ ಮುಂದೆ ಕೂತ. ನೀರು ಸೋಸುವ ಪುಟ್ಟ ಪಂಪಿನ ಬಾಯಿಗೆ ಯಾರೋ ಹಳೆಯ ಬಟ್ಟೆ ತುರುಕಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಯಾರೋ ಏನು, ಅವಳೇ. ಬಿಚ್ಚಿ ನೋಡಿದರೆ ತನ್ನದೇ ಹರಿದ ಕಾಲುಚೀಲ. “ಇದೇನು ಕರ್ಮ ಮಾಡಿಟ್ಟಿದ್ದಾಳೆ, ಪಂಪಿನ ಕುತ್ತಿಗೆ ಹಿಸುಕಿ,” ಎಂದು ಗೊಣಗಿ ಅದನ್ನು ಗುಜರಿ ಡಬ್ಬಕ್ಕೆ ಎಸೆದ. ಅಂಗಡಿಯಿಂದ ದೊಡ್ಡ ಪಂಪು ತಂದು ಕೂರಿಸಿದ. ಗಾಳಿ ಊದುವ ಮೋಟರು ತಂದು, ಗುಳ್ಳೆ ಬಿಡುವ ಕಲ್ಲು ಸಿಕ್ಕಿಸಿದ. ನೀರು ಒಲೆಯ ಮೇಲಿಟ್ಟ ಎಸರಿನಂತೆ ಕುದಿಯತೊಡಗಿತು. ಎಷ್ಟೋ ದಿನಗಳ ಮೇಲೆ ಅವನಿಗೆ ಸಮಾಧಾನವಾಯಿತು.

ಮರುದಿನ ಅವಳು ಮಾಸ್ಕು ಎತ್ತಿ, “ಮಾವ ಹೇಗಿದ್ದಾರೆ?” ಎಂದಳು. ದಿನವೂ ಇದೇ ಮೊದಲ ಪ್ರಶ್ನೆ.

“ನಿನ್ನ ಮಾವನಿಗೆ ಹೊಳೆಯನ್ನೇ ತಂದುಕೊಟ್ಟಿದ್ದೀನಿ. ಹೊಸಾ ಪಂಪು, ಗುಳ್ಳೆ, ಎಲ್ಲಾ.”

ಅವಳ ಕಣ್ಣು ಅಗಲವಾಯಿತು. ಬೇಡ ಬೇಡ ಎಂದು ಕೈಯಾಡಿಸಿದಳು, ಏನೋ ಹೇಳಲು ಹೋಗಿ ಕೆಮ್ಮಿದಳು, ನರ್ಸು ಬಂದು ಮಾಸ್ಕು ಬಿಗಿದಳು. ಯಂತ್ರ ಬೇಡ ಎನ್ನುತ್ತಿದ್ದಾಳೆ ಎಂದುಕೊಂಡು ಅವನು ಆ ಕೈ ಹಿಡಿದು ಹಾಸಿಗೆಗೆ ಒತ್ತಿದ. “ಸ್ವಲ್ಪ ತಡ್ಕೋ. ನಿನ್ನ ಒಳ್ಳೇದಕ್ಕೇ ಅಲ್ವಾ,” ಎಂದ.

ಮೀನು ಸೊರಗಿತು. ಒಂದು ಮೂಲೆಗೆ ಸರಿದು, ಆಗಾಗ ಮೇಲಕ್ಕೆ ಬಂದು ಬಾಯಿ ಬಿಡುತ್ತಿತ್ತು. ಗಾಳಿ ಸಾಲುತ್ತಿಲ್ಲ ಎಂದು ಅವನು ಮೋಟರಿನ ತಿರುಪು ತಿರುಗಿಸಿದ. ಇನ್ನೂ ಸೊರಗಿತು. ಇನ್ನೂ ತಿರುಗಿಸಿದ. ಆಸ್ಪತ್ರೆಯಲ್ಲಿ ಕೇಳಿದಾಗ ಮಾತ್ರ, “ಚೆನ್ನಾಗಿದ್ದಾರೆ,” ಎಂದ.

ಅಕ್ಕನ ಬಟ್ಟೆ ತೆಗೆದುಕೊಳ್ಳಲು ಮನೆಗೆ ಬಂದ ನಾದಿನಿ ತೊಟ್ಟಿ ನೋಡಿ ಬಾಗಿಲಲ್ಲೇ ನಿಂತಳು.

“ಭಾವ, ಕಾಲುಚೀಲ ಎಲ್ಲಿ?”

“ಅದನ್ನ ಕಿತ್ತು ಹಾಕಿದೆ. ನೀರೇ ಓಡ್ತಿರ್ಲಿಲ್ಲ.”

“ಓಡಬಾರ್ದು ಅಂತಲೇ ಅಕ್ಕ ಕಟ್ಟಿದ್ದು. ಇದು ನಿಂತ ನೀರಿನ ಮೀನು. ಮೇಲೆ ಬಂದು ತಾನೇ ಉಸಿರು ತಗೊಳ್ಳುತ್ತೆ, ಗುಳ್ಳೆ ಯಾಕೆ ಬೇಕು ಇದಕ್ಕೆ? ಅಷ್ಟುದ್ದ ರೆಕ್ಕೆ ಹೊತ್ಕೊಂಡು ಈ ಪ್ರವಾಹದಲ್ಲಿ ಈಜೋಕಾಗುತ್ತಾ?” ಅವಳು ಗಾಜಿಗೆ ಬೆರಳಿಟ್ಟು ತೋರಿಸಿದಳು. “ನೋಡಿ, ಇದ್ದಲ್ಲೇ ಇರೋಕೆ ಎಷ್ಟು ಒದ್ದಾಡ್ತಿದೆ.”

ಅವನು ನೋಡಿದ. ರೆಕ್ಕೆ ಚಿಂದಿಯಾಗಿತ್ತು. ಗುಳ್ಳೆಗಳು ಮೀನನ್ನು ಎತ್ತಿ ಎಸೆಯುತ್ತಿದ್ದವು, ಪಂಪು ಎಳೆದುಕೊಳ್ಳುತ್ತಿತ್ತು, ಅದು ಬಿಡಿಸಿಕೊಂಡು ಮತ್ತೆ ಮೂಲೆಗೆ ಬರುತ್ತಿತ್ತು. ಉಸಿರಾಡೋದೇ ಒಂದು ಕೂಲಿ ಕೆಲಸ ಎಂದ ಡಾಕ್ಟರ ಮಾತು ಅವನಿಗೆ ಈಗ ಕೇಳಿಸಿತು. ಎರಡೂ ಪ್ಲಗ್ಗುಗಳನ್ನು ಕಿತ್ತ.

ಕೋಣೆ ನಿಶ್ಶಬ್ದವಾಯಿತು. ಮೀನು ಮೆಲ್ಲಗೆ ಇಳಿದು, ಗಿಡದ ಅಗಲ ಎಲೆಯೊಂದರ ಮೇಲೆ ಮೈ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಎದ್ದು ಮೇಲೆ ಬಂದು, ಒಂದು ಗುಟುಕು ಗಾಳಿ ತೆಗೆದುಕೊಂಡು, ಮತ್ತೆ ಎಲೆಗೆ ಮರಳಿತು. ಆಮೇಲೆ ಏಳಲಿಲ್ಲ. ಅವನು ಗುಜರಿ ಡಬ್ಬ ಕೆದಕಿ ಕಾಲುಚೀಲ ಹುಡುಕಿ, ಗ್ರೀಸು ಹೋಗುವಂತೆ ತೊಳೆದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ನಾದಿನಿ ಅವನ ಬೆನ್ನ ಮೇಲೆ ಕೈಯಿಟ್ಟಳು. “ಅಕ್ಕನಿಗೆ ಈಗಲೇ ಹೇಳ್ಬೇಡಿ ಭಾವ,” ಎಂದಳು.

ಆದರೆ ಸಂಜೆ ಆಸ್ಪತ್ರೆಯಲ್ಲಿ ಹೆಂಡತಿ ಮಾಸ್ಕು ಎತ್ತಿ ಕೇಳಿದಾಗ ಅವನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಹೋಗಿಬಿಟ್ರು ಕಣೆ. ನಾನೇ ಕೊಂದೆ. ಒಳ್ಳೇದಾಗ್ಲಿ ಅಂತ ಜಾಸ್ತಿ ಮಾಡ್ತಾ ಹೋದೆ, ಅವರಿಗೆ ತಡೆಯೋಕಾಗ್ಲಿಲ್ಲ.”

ಅವಳು ಮಾಸ್ಕು ಇಳಿಸಿಕೊಂಡಳು. ಕಣ್ಣಂಚಿನ ನೀರು ಮಾಸ್ಕಿನ ಪಟ್ಟಿಯೊಳಗೆ ಇಳಿಯಿತು. ಆಮೇಲೆ ಮತ್ತೆ ಮಾಸ್ಕು ಎತ್ತಿ ಕೇಳಿದಳು. “ಕೊನೇಲಿ ಒದ್ದಾಡಿದ್ರಾ?”

“ಇಲ್ಲ. ನಿಲ್ಲಿಸಿದ ಮೇಲೆ ಒದ್ದಾಡ್ಲಿಲ್ಲ. ಎಲೆ ಮೇಲೆ ಮಲಗಿದ್ರು.”

ಅವಳು ತಲೆಯಾಡಿಸಿದಳು. ಏನನ್ನೂ ಬೇಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಎದ್ದು ಡಾಕ್ಟರ ಕೋಣೆಗೆ ಹೋದ. “ಆ ಮಾಸ್ಕು ತೆಗೆಸಿ, ಮನೆಗೆ ಕರ್ಕೊಂಡು ಹೋಗ್ತೀನಿ,” ಎಂದ.

ಮರುದಿನ ಮುಂದಿನ ಕೋಣೆಯಲ್ಲೇ, ತೊಟ್ಟಿಯ ಪಕ್ಕ ಅವಳ ಹಾಸಿಗೆ ಹಾಕಿದರು. ಮಾಸ್ಕು ಬಿಗಿದಿದ್ದ ಗುರುತು ಕೆನ್ನೆಯ ಮೇಲೆ ಕೆಂಪಗೆ ಉಳಿದಿತ್ತು. ಹಳೆಯ ಪುಟ್ಟ ಪಂಪು, ಬಾಯಿಗೆ ಕಾಲುಚೀಲ ಕಟ್ಟಿಕೊಂಡು, ಖಾಲಿ ನೀರನ್ನು ತೆವಳಿಸುತ್ತಿತ್ತು. “ರೀ, ಚೆನ್ನಾಗಿ ಕಟ್ಟಿದ್ದೀರ,” ಎಂದಳು ಅವಳು. ಉಸಿರು ಸಣ್ಣದಾಗಿ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಪ್ರತಿ ಸಲ ನಿಂತಾಗಲೂ ಅವನ ಕೈ ಏನಾದರೂ ಮಾಡಬೇಕೆಂದು ಮೇಲೇಳುತ್ತಿತ್ತು. ಆ ಕೈಯನ್ನು ಅವನು ಅವಳ ಅಂಗೈಯೊಳಗೆ ಇಟ್ಟು, ಏನೂ ಮಾಡದೆ ಕೂತ.