ಮೀನಿಲ್ಲದ ಪೀಪಾಯಿ

ಪೊಟ್ಟಣದ ಹುರಿ ಬಿಚ್ಚುತ್ತಿದ್ದಂತೆಯೇ ನಾತ ಮೂಗಿಗೆ ಬಡಿಯಿತು. ಸಿದ್ದರಾಜು ಒಳಗಿನ ಕಾಗದ ಸರಿಸಿ ನೋಡಿದ. ಹಳದಿಗಟ್ಟಿದ, ಒಣಗಿ ಸೆಟೆದುಕೊಂಡ, ಚಪ್ಪಟೆ ಚೀಲದಂಥ ತುಂಡುಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನಲ್ಲಿ ಒಣಗಿದ ರಕ್ತದ ಗೆರೆಯಿತ್ತು.

"ಅಮ್ಮಾವ್ರೆ, ವಿರಾಜಪೇಟೆ ಸಾಬ್ರು ಎಲ್ಲೋ ತಪ್ಪಿ ಕಳ್ಸವ್ರೆ. ಇದು ಒಣಮೀನಿನ ಸಾಮಾನು," ಎಂದ.

ತಂಗಮ್ಮ ಹಂಡೆಯ ಪಕ್ಕ ನಿಂತು ಮೊಳಕೆ ಬಂದ ಬಾರ್ಲಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದಳು. ತಿರುಗಿ ನೋಡಿ ನಕ್ಕಳು.

"ತಪ್ಪಿ ಕಳಿಸಿದ್ದಲ್ಲ ಮಾರಾಯ. ದೊರೆಯ ಡಬ್ಬ ಮುಗೀತಲ್ಲ, ಅದಕ್ಕೇ ತರಿಸಿದ್ದು. ನಿನ್ನ ಗಾಜು ಅದೇ."

ಸಿದ್ದರಾಜು ತುಂಡನ್ನು ಕೆಳಗಿಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಿಂತ.

ಅವರಿದ್ದ ಕಾಫಿ ಎಸ್ಟೇಟು ಮೊದಲು ಫೆಂಟನ್ ದೊರೆಯದ್ದಾಗಿತ್ತು. ಕಾಫಿ ಒಣಗಿಸುವ ಕಣದ ಹಿಂದೆ ಕಲ್ಲಿನ ಕೋಣೆಯೊಂದನ್ನು ಕಟ್ಟಿಸಿ ಅವನು ತನ್ನ ದೇಶದ ರೀತಿಯಲ್ಲಿ ಬಿಯರ್ ಮಾಡುತ್ತಿದ್ದ. ಸುತ್ತಲಿನ ತೋಟದವರ ಕ್ಲಬ್ಬಿಗೆ ಪೀಪಾಯಿಗಳು ಅಲ್ಲಿಂದಲೇ ಹೋಗುತ್ತಿದ್ದವು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತಿದ್ದ ಸಿದ್ದರಾಜು ಮೊದಲು ಸೌದೆ ಒಡೆಯಲು ಸೇರಿ, ಆಮೇಲೆ ಹಂಡೆಯ ಬಳಿ ನಿಂತು, ಕಡೆಗೆ ಆ ಕೋಣೆಗೆ ತಾನೇ ಯಜಮಾನನಂತೆ ಆಗಿಬಿಟ್ಟಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದು, ಮಡಿಕೇರಿಯಲ್ಲಿ ಕೊಡಗಿನದೇ ಸರ್ಕಾರ ಕೂತ ಮೇಲೆ ದೊರೆ ತೋಟವನ್ನು ತಂಗಮ್ಮನ ಮನೆಯವರಿಗೆ ಮಾರಿ ಹಡಗು ಹತ್ತಿದ. ಗಂಡ ಮಿಲಿಟರಿಯಲ್ಲಿದ್ದುದರಿಂದ ತೋಟದ ಜೊತೆ ಬಿಯರ್ ಮನೆಯೂ ತಂಗಮ್ಮನ ಕೈಗೆ ಬಂತು.

ಪೀಪಾಯಿಯಲ್ಲಿ ಹುದುಗಿ ಮುಗಿದ ಬಿಯರ್ ಮೊದಮೊದಲು ಕದಡಿಕೊಂಡಿರುತ್ತದೆ. ಅದನ್ನು ತಿಳಿಗೊಳಿಸಲು ದೊರೆ ಡಬ್ಬದಿಂದ ಬಿಳಿ ಚೂರುಗಳನ್ನು ತೆಗೆದು, ಹುಳಿನೀರಲ್ಲಿ ನೆನೆಸಿ ಸುರಿಯುತ್ತಿದ್ದ. ಅದರ ಹೆಸರು ಐಸಿಂಗ್‌ಗ್ಲಾಸು ಎಂದು ಹೇಳಿಕೊಟ್ಟಿದ್ದ. ಗ್ಲಾಸು ಎಂದರೆ ಗಾಜು. ಬಿಯರನ್ನು ಗಾಜಿನಂತೆ ಮಾಡುವ ವಸ್ತುವಿಗೆ ಬೇರೆ ಹೆಸರೇಕೆ? ಸಿದ್ದರಾಜು ಅದನ್ನು ಗಾಜು ಎಂದೇ ಕರೆಯುತ್ತ ಬಂದಿದ್ದ.

"ಮೀನಿನ ಹೊಟ್ಟೇಲಿ ಗಾಳಿ ತುಂಬಿದ ಚೀಲ ಇರ್ತದಲ್ಲ, ಅದನ್ನ ಒಣಗಿಸೋದು," ಎಂದಳು ತಂಗಮ್ಮ. "ಕಣ್ಣಾನೂರಿನ ಕಡೆ ಇದನ್ನ ರಾಶಿ ಹಾಕಿ ಮಾರ್ತಾರೆ. ದೊರೆಯ ಡಬ್ಬದಲ್ಲಿ ಚೂರು ಮಾಡಿ, ತೊಳೆದು, ಬಿಳಿ ಮಾಡಿ ಇಟ್ಟಿರ್ತಿದ್ರು ಅಷ್ಟೆ. ಯಾಕೋ, ಏನಾಯ್ತು?"

ಸಿದ್ದರಾಜು ತುಂಡನ್ನು ಪೊಟ್ಟಣದೊಳಕ್ಕೆ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಕಣ ದಾಟಿ ಮನೆಯ ದಾರಿ ಹಿಡಿದ.

ಕೆಲವು ವರ್ಷಗಳ ಹಿಂದೆ ಅವನ ಮಗಳು ಕಮಲ ವಿಷಮಶೀತ ಜ್ವರದಲ್ಲಿ ಮಲಗಿ, ಡಾಕ್ಟರು ಕೈಚೆಲ್ಲಿದ್ದಾಗ ಸಿದ್ದರಾಜು ಕಾವೇರಿಯಲ್ಲಿ ಸೊಂಟದವರೆಗೆ ಇಳಿದು ಹರಕೆ ಹೊತ್ತಿದ್ದ. ಜೀವ ಇರುವ ಯಾವುದರಿಂದಲೂ ಬಂದದ್ದನ್ನು ಬಾಯಿಗಿಡುವುದಿಲ್ಲ ಎಂದಿದ್ದ. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ. ಹಾಲು, ತುಪ್ಪ, ಜೇನು ಕೂಡ. ಹುಡುಗಿ ಬದುಕಿದಳು. ಅಂದಿನಿಂದ ಅವನ ಕಾಫಿ ಕರಿಯದು, ಅವನ ಹಬ್ಬದ ಹೋಳಿಗೆ ತುಪ್ಪವಿಲ್ಲದ್ದು. ಹಂದಿ ಮಾಂಸದ ಊರಲ್ಲಿ ಇದ್ದುಕೊಂಡು ಹೀಗೆ ಬದುಕುವವನನ್ನು ಕಂಡು ತೋಟದ ಕೂಲಿಗಳ ಲೈನುಮನೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಬಿಯರಂತೂ ಇತ್ತಲ್ಲ! ಬಾರ್ಲಿ, ನೀರು, ಕಹಿಗೆ ಹಾಕುವ ಹಾಪ್ಸ್ ಹೂವು. ಭೂಮಿಯಿಂದ ಬಂದದ್ದು. ಪ್ರತಿ ಪೀಪಾಯಿಯನ್ನೂ ರುಚಿ ನೋಡುವುದು ಅವನ ಕೆಲಸ, ಅವನ ಖುಷಿ ಕೂಡ.

ಮನೆಯಂಗಳದಲ್ಲಿ ಕಮಲ ಮೆಣಸಿನಕಾಯಿ ಹರವುತ್ತಿದ್ದಳು. ಸಿದ್ದರಾಜು ನೇರವಾಗಿ ಹೋಗಿ ಅವಳ ಹಣೆಯ ಮೇಲೆ ಅಂಗೈ ಇಟ್ಟ. ಕುತ್ತಿಗೆ ಮುಟ್ಟಿದ. ಮತ್ತೆ ಹಣೆ ಮುಟ್ಟಿದ.

"ಏನಪ್ಪಾ? ಬಿಸಿಲಲ್ಲಿದ್ದೀನಿ, ಬೆಚ್ಚಗಿರಲ್ವಾ?" ಎಂದು ಹುಡುಗಿ ಅವನ ಕೈ ತಳ್ಳಿದಳು.

ಹೆಂಡತಿ ಲಿಂಗಮ್ಮ ಒಳಗಿನಿಂದ ಬಂದಳು. ಅವನ ಮುಖ ನೋಡಿ ಮಗಳನ್ನು ನೀರಿಗೆ ಕಳಿಸಿದಳು. ಸಿದ್ದರಾಜು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದ.

"ಇಷ್ಟು ವರ್ಷ ಮೀನು ಕುಡ್ದಿವ್ನಿ ಕಣೆ. ಆ ತಾಯಿ ಮುಂದೆ ಮಾತು ಕೊಟ್ಟು ಬಂದು, ಮಾರನೇ ವಾರನೇ ಮೀನು ಕುಡ್ದಿವ್ನಿ."

ಲಿಂಗಮ್ಮ ಅವನ ಪಕ್ಕ ಕುಳಿತಳು. "ಗೊತ್ತಿದ್ದು ಕುಡುದ್ಯಾ?"

"ಇಲ್ಲ."

"ಆ ತಾಯಿಗೂ ಅದು ಗೊತ್ತು. ಅದಕ್ಕೇ ಕಮಲ ನೆಟ್ಟಗವ್ಳೆ. ಈಗ ನಿಂಗೂ ಗೊತ್ತಾಯ್ತಲ್ಲ, ಇನ್ಮೇಲೆ ಕುಡಿಬ್ಯಾಡ. ಆ ಕೆಲ್ಸಾನೇ ಬುಟ್ಬುಡು. ಬೇರೆ ಕೆಲ್ಸ ಇಲ್ವಾ?"

ಅವನು ತಲೆಯಾಡಿಸಿದ. ಆದರೆ ಮರುದಿನ ಬೆಳಗ್ಗೆ ಬಿಯರ್ ಮನೆಯ ಬಾಗಿಲಲ್ಲಿ ನಿಂತಾಗ, ಹುರಿದ ಬಾರ್ಲಿಯ ಆ ಘಮ ಬಂದಾಗ, ಕೆಲಸ ಬಿಡುತ್ತೇನೆಂಬ ಮಾತು ಹೊರಡಲಿಲ್ಲ. ಹೊರಬಂದ ಮಾತು ಬೇರೆಯೇ ಆಗಿತ್ತು.

"ಅಮ್ಮಾವ್ರೆ, ಬಿಯರು ಬುಡೋದು ಸುಲಭ. ಬಿಯರಿಂದ ಮೀನು ಬುಡ್ಸೋಕೆ ಆಯ್ತದಾ ನೋಡಾನ. ನಂಗೊಂದು ಪೀಪಾಯಿ ಕೊಡಿ."

ತಂಗಮ್ಮನಿಗೆ ಅವನ ಹರಕೆಯ ವಿಷಯ ಗೊತ್ತಿತ್ತು. ಆದರೆ ಆ ಹರಕೆಯೂ ಬಿಯರಿನ ಗಾಜೂ ಒಂದಕ್ಕೊಂದು ತಾಗುತ್ತವೆಂದು ಅವಳಿಗೆ ಹಿಂದಿನ ದಿನದವರೆಗೂ ಹೊಳೆದಿರಲಿಲ್ಲ. ಅವಳು ಅವನ ಎದುರಿನ ಮಗುಚಿಟ್ಟ ಬುಟ್ಟಿಯ ಮೇಲೆ ಕುಳಿತಳು.

"ಕ್ಲಬ್ಬಿನ ಸೆಕ್ರೆಟರಿ ಹೇಳಿದ್ದು ನಿನಗೂ ಗೊತ್ತುಂಟು. ದೊರೆ ಹೋದ ಮೇಲೆ ಹೆಂಗಸೊಬ್ಬಳು ಮಾಡಿಸುವ ಬಿಯರು ಬೇಡ, ಬೆಂಗಳೂರಿನ ಬಾಟಲಿ ತರಿಸುವ ಅಂತ ಅಲ್ಲಿ ಅರ್ಧ ಜನ ಕಾದು ಕೂತಿದ್ದಾರೆ. ಸ್ಪೋರ್ಟ್ಸ್ ದಿವಸ ನಮ್ಮ ಪೀಪಾಯಿ ನೋಡಿ ತೀರ್ಮಾನ ಮಾಡುದಂತೆ. ಗ್ಲಾಸಿನ ಹಿಂದೆ ಪೇಪರು ಹಿಡಿದು ಓದ್ತಾನೆ ಅವನು. ಅಕ್ಷರ ಕಾಣದಿದ್ದರೆ ಈ ಮನೆಗೆ ಬೀಗ."

"ಗೊತ್ತು ಅಮ್ಮಾವ್ರೆ."

"ಗೊತ್ತಿದ್ದೂ ಕೇಳ್ತೀಯ?"

"ಕೇಳ್ತೀನಿ."

ತಂಗಮ್ಮ ಪೊಟ್ಟಣವನ್ನು ಎತ್ತಿಕೊಂಡು ಎದ್ದಳು. "ಹಾಗಾದರೆ ಇದು ನನ್ನ ಅಡಿಗೆಮನೆಗೆ. ಸಾರಿಗಾದ್ರೂ ಆಗ್ತದಾ ನೋಡುವ."

ಮೀನಿನ ಸೋಂಕಿದ್ದ ಹಳೆಯ ಪೀಪಾಯಿಗಳನ್ನು ಸಿದ್ದರಾಜು ಮುಟ್ಟಲಿಲ್ಲ. ಹಲಗೆ ಕೂಡಿಸಿ ಹೊಸದೊಂದನ್ನು ಮಾಡಿ, ಕುದಿನೀರಿನಲ್ಲಿ ತೊಳೆದು, ಅದರಲ್ಲಿ ಬಿಯರ್ ತುಂಬಿ ಕಾದ. ತಿಳಿಯಾಗುವವರೆಗೂ ಒಂದು ತೊಟ್ಟೂ ಕುಡಿಯುವುದಿಲ್ಲವೆಂದು ಹಟ ಹಿಡಿದ. ರುಚಿ ನೋಡುವ ಕೆಲಸ ತಂಗಮ್ಮನ ಪಾಲಿಗೆ ಬಂತು. ಕಾದರೆ ತಾನೇ ತಿಳಿಯಾದೀತೆಂದು ಅವನ ಎಣಿಕೆ. ಎಷ್ಟು ಕಾದರೂ ಲೋಟಕ್ಕೆ ಬಂದದ್ದು ರಾಗಿ ಅಂಬಲಿಯ ಬಣ್ಣ. ಬಟ್ಟೆಯಲ್ಲಿ ಸೋಸಿದ, ನೊರೆ ಸತ್ತಿತು, ಕದಡು ಹೋಗಲಿಲ್ಲ. ತಂಗಮ್ಮ ಕುಡಿದು, "ರುಚಿಗೇನೂ ದೋಷ ಇಲ್ಲ. ಕಣ್ಣು ಮುಚ್ಚಿ ಕುಡಿದರೆ ಆಯ್ತು," ಎಂದಳು. ಅವನಿಗೆ ನಗು ಬರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಬುತ್ತಿ ತಂದ ಲಿಂಗಮ್ಮ ಆ ಲೋಟವನ್ನು ಎತ್ತಿ ನೋಡಿದಳು.

"ಇಷ್ಟಕ್ಕಾ ನಿದ್ದೆ ಬುಟ್ಟು ಕೂತಿರೋದು? ಥೇಟ್ ನಮ್ಮೂರ ಕೆರೆ ನೀರು."

"ಸುಮ್ನಿರೆ."

"ಸುಮ್ನೆ ಯಾಕಿರ್ಲಿ? ಮಳೆ ಹೊಡ್ದು ಕೆರೆ ಕದಡ್ಕಂಡ್ರೆ ನಮ್ಮವ್ವ ಚಿಲ್ಲದ ಬೀಜ ತೇಯ್ದು ಬಿಂದಿಗೆಗೆ ಹಾಕ್ತಿದ್ಲು. ಒಂದು ಗಳಿಗೆಗೆ ಮಣ್ಣೆಲ್ಲ ತಳ ಸೇರೋದು. ನಿಮ್ಮವ್ವ ಹಾಕ್ತಿರ್ಲಿಲ್ವಾ?"

ಸಿದ್ದರಾಜು ಬಾಯಲ್ಲಿದ್ದ ತುತ್ತನ್ನು ನುಂಗದೆ ಅವಳನ್ನೇ ನೋಡಿದ. ಹಾಕುತ್ತಿದ್ದಳು. ಬಿಂದಿಗೆಯ ಬಾಯಿಯ ಹತ್ತಿರ ಒಳಗೋಡೆಗೆ ಬೀಜ ಉಜ್ಜುವ ಸದ್ದು ಅವನಿಗೆ ಈಗಲೂ ನೆನಪಿತ್ತು. ಕಾವೇರಿಯ ದಡಕ್ಕೆ ಬಂದ ಮೇಲೆ ಆ ಬೀಜದ ಅಗತ್ಯವೇ ಬಿದ್ದಿರಲಿಲ್ಲ.

"ಅದು ನೀರು, ಇದು ಬಿಯರು ಕಣೆ."

"ಕದಡು ಕದಡೇ ಅಲ್ವಾ?"

ಹೇಳಿ ಕಳಿಸಿದ ಮೇಲೆ ಲಿಂಗಮ್ಮನ ಅಣ್ಣ ಗಂಗಣ್ಣ ಅರಕಲಗೂಡಿನ ಕಡೆಯಿಂದ ಬೀಜದ ಗಂಟು ಹಿಡಿದು ಬಸ್ಸಿಳಿದ. ಗುಂಡಗಿನ, ಬೂದು ಬಣ್ಣದ, ಅಂಗಿಯ ಗುಂಡಿಯಷ್ಟಗಲದ ಬೀಜಗಳು. ಸಿದ್ದರಾಜು ಉತ್ಸಾಹದಲ್ಲಿ ಧಾರಾಳವಾಗಿ ತೇಯ್ದು ಸುರಿದ. ಬಿಯರ್ ತಿಳಿಯಾಯಿತು. ತಂಗಮ್ಮ ಒಂದು ಗುಟುಕು ಕುಡಿದವಳೇ ಬಾಗಿಲಿಗೆ ಓಡಿ ಉಗಿದಳು.

"ಥೂ! ಏನು ಮಾರಾಯ, ಇದನ್ನ ಹುಳದ ಔಷಧಿ ಅಂತ ಮಾರಬಹುದು!"

ಆದರೆ ಅವಳ ಕಣ್ಣು ಲೋಟದ ಮೇಲೆಯೇ ಇತ್ತು. ಅದರಾಚೆ ಕಿಟಕಿಯ ಸರಳುಗಳು ಒಂದೊಂದೂ ಕಾಣುತ್ತಿದ್ದವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾರಿ ಸರಿಯಿತ್ತು, ಅಳತೆ ತಪ್ಪಿತ್ತು.

ಆಮೇಲಿನ ಪೀಪಾಯಿಗೆ ಅವನು ಬೀಜವನ್ನು ಲಿಂಗಮ್ಮನ ಕೈಗೇ ಕೊಟ್ಟ. ಅವಳು ಕಲ್ಲಿನ ಮೇಲೆ ನೀರು ಚಿಮುಕಿಸಿ, ಮಗುವಿಗೆ ಬಜೆ ತೇಯುವಷ್ಟು ಮೆಲ್ಲಗೆ ತೇಯ್ದಳು. ಅಷ್ಟೇ ಸಾಕೇ ಎಂದು ಅವನು ಕೇಳಿದ್ದಕ್ಕೆ, ಸಾಕು ಎಂದಳು. ಪೀಪಾಯಿಯನ್ನು ತೊರೆಯ ದಡದ ಗುಂಡಿಯಲ್ಲಿಟ್ಟು ಒದ್ದೆ ಗೋಣಿ ಮುಚ್ಚಿದರು. ಸ್ಪೋರ್ಟ್ಸ್ ದಿನದ ಬೆಳಗ್ಗೆ, ಅದನ್ನು ಅಲುಗಾಡಿಸದೆ, ತಳದ ಗಷ್ಟು ಏಳದಂತೆ ತಿಳಿಯನ್ನಷ್ಟೇ ಇನ್ನೊಂದು ಹೊಸ ಪೀಪಾಯಿಗೆ ಇಳಿಸಿ ಜೀಪಿಗೇರಿಸಿದರು.

ಕ್ಲಬ್ಬಿನ ಮೈದಾನದಲ್ಲಿ ಎಲ್ಲ ಎಸ್ಟೇಟಿನವರೂ ಸೇರಿದ್ದರು. ಹಗ್ಗಜಗ್ಗಾಟ ಮುಗಿದು, ಬಿಸಿಲು ಏರಿದ್ದಾಗ ಸೆಕ್ರೆಟರಿ ವರಾಂಡದ ಮೇಜಿನ ಬಳಿ ಬಂದ. ಸಿದ್ದರಾಜು ನಲ್ಲಿ ತಿರುಗಿಸಿದ. ಬಿಯರ್ ಲೋಟಕ್ಕೆ ಇಳಿದು, ಮೇಲೆ ಬಿಳಿ ನೊರೆ ಕಟ್ಟಿ ನಿಂತಿತು. ಸೆಕ್ರೆಟರಿ ಲೋಟವನ್ನು ಎತ್ತಿ, ಹಿಂದೆ ದಿನಪತ್ರಿಕೆ ಹಿಡಿದ. ಸಿದ್ದರಾಜು ನಲ್ಲಿಯ ಮೇಲಿಂದ ಕೈ ತೆಗೆಯುವುದನ್ನು ಮರೆತಿದ್ದ.

ಸೆಕ್ರೆಟರಿ ತಲೆಬರಹ ಓದಿದ. ಕೆಳಗಿನ ಸಾಲು ಓದಿದ. ಆಮೇಲೆ ಪತ್ರಿಕೆ ಮಡಿಸಿ, ಮೂಲೆಯಲ್ಲಿದ್ದ ಬೀಡಿ ಜಾಹೀರಾತಿನ ಸಣ್ಣ ಅಕ್ಷರಗಳನ್ನೂ ಗಟ್ಟಿಯಾಗಿ ಓದಿದ. ಜನ ಹೋ ಎಂದು ನಕ್ಕರು. ಅವನು ಕುಡಿದ, ನಿಂತ, ಮತ್ತೆ ಕುಡಿದ.

"ಫೆಂಟನ್ ಇದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ," ಎಂದ. "ಮಿಸೆಸ್ ತಂಗಮ್ಮ, ಐಸಿಂಗ್‌ಗ್ಲಾಸು ಎಲ್ಲಿಂದ ತರಿಸಿದಿರಿ?"

"ತರಿಸಲಿಲ್ಲ. ಇದರಲ್ಲಿ ಮೀನೇ ಇಲ್ಲ."

"ಮೀನು?" ಎಂದಿತು ಹಿಂದಿನಿಂದ ಒಂದು ದನಿ. ಮಡಿಕೇರಿಯ ವಕೀಲ ಅನಂತಯ್ಯ. ಈರುಳ್ಳಿಯನ್ನೂ ಮುಟ್ಟದ ಮನೆತನ. ಬಿಯರ್ ಬರೀ ಬಾರ್ಲಿ ಕಷಾಯವೆಂದು ವಾದಿಸಿ ವರ್ಷಗಟ್ಟಲೆ ಕುಡಿದವರು. "ಅಂದರೆ, ಇಷ್ಟು ದಿನ ಇದ್ದದ್ದರಲ್ಲಿ?"

ತಂಗಮ್ಮ ಹೇಳಿದಳು. ವಕೀಲರು ಕುರ್ಚಿ ಹುಡುಕಿ ಕುಳಿತರು. ಮೈದಾನದ ಆ ಕೊನೆಯವರೆಗೂ ಕೇಳುವಂತೆ ನಗು ಎದ್ದಿತು. ಸ್ವಲ್ಪ ಹೊತ್ತಿನ ಬಳಿಕ ವಕೀಲರು ಎದ್ದು ಬಂದು, ಗಂಭೀರವಾಗಿ ಸಿದ್ದರಾಜುವಿನ ಮುಂದೆ ಲೋಟ ಚಾಚಿದರು.

"ನಿನ್ನ ಬಾಯಿಂದಲೇ ಹೇಳಪ್ಪ. ಮೀನಿಲ್ಲ ತಾನೆ?"

"ಮೀನಿಲ್ಲ ಸ್ವಾಮಿ. ಹಾಲಿಲ್ಲ, ಜೇನಿಲ್ಲ, ಜೀವ ಇರೋ ಯಾವ್ದೂ ಇಲ್ಲ," ಎಂದ ಸಿದ್ದರಾಜು. ತನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು.

"ಹಾಗಾದರೆ ತುಂಬಿಸು. ಇನ್ನು ಮುಂದೆ ಕ್ಲಬ್ಬಿಗೆ ಬೇರೆ ಬಿಯರ್ ಬಂದರೆ ನಾನು ಕೇಸು ಹಾಕುತ್ತೇನೆ."

ಸೆಕ್ರೆಟರಿ ಕೈಯೆತ್ತಿ ಒಪ್ಪಿದ. ಬೆಂಗಳೂರಿನ ಬಾಟಲಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ತಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದರು ನೋಡಿದವರು.

ಪೀಪಾಯಿ ಬರಿದಾಗುವ ಮೊದಲು ಅವಳು ದೊಡ್ಡ ಲೋಟವೊಂದನ್ನು ತಾನೇ ತುಂಬಿ, ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದಳು. ಮೈದಾನದ ಅಂಚಿನ ಮರದ ಕೆಳಗೆ ಸಿದ್ದರಾಜು ಲಿಂಗಮ್ಮನ ಪಕ್ಕ ಕುಳಿತಿದ್ದ. ಲೋಟವನ್ನು ಅವನ ಕೈಗಿಟ್ಟು ತಿರುಗಿ ಹೋದಳು.

ಅವನು ಕಣ್ಣು ಮುಚ್ಚಿ ಕುಡಿದ. ಬಾರ್ಲಿಯ ಸಿಹಿ ಮೊದಲು ಬಂತು, ಹೂವಿನ ಕಹಿ ಆಮೇಲೆ. ಅರ್ಧ ಉಳಿಸಿ ಲಿಂಗಮ್ಮನತ್ತ ಚಾಚಿದ.

"ಅಯ್ಯೋ, ನಂಗ್ಯಾಕೆ?" ಎಂದಳು ಅವಳು. ಸುತ್ತ ನೋಡಿದಳು. ಮಕ್ಕಳೆಲ್ಲ ಓಟಕ್ಕೆ ಸಾಲಾಗಿ ನಿಲ್ಲುತ್ತಿದ್ದರು. ಕಮಲ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಲಿಂಗಮ್ಮ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಕಹಿ!" ಎಂದಳು. ಮತ್ತೆ ಕುಡಿದಳು.

ಸೀಟಿ ಊದಿದರು. ಮಕ್ಕಳು ಓಡಿದರು. ಲಿಂಗಮ್ಮ ಲೋಟ ಹಿಡಿದೇ ಎದ್ದು ನಿಂತು ಮಗಳ ಹೆಸರು ಕೂಗತೊಡಗಿದಳು. ಅವಳ ಮೇಲ್ದುಟಿಯ ಮೇಲೆ ಬಿಳಿ ನೊರೆ ಮೀಸೆಯಂತೆ ಅಂಟಿಕೊಂಡಿತ್ತು. ಸಿದ್ದರಾಜು ಅದನ್ನು ನೋಡಿದ. ಒರೆಸಿಕೋ ಎನ್ನಲಿಲ್ಲ.